ಬಟನ್ ಅಜ್ಜಿಯ ಆರು ಇಪ್ಪತ್ತರ ರೈಲು

ನಮ್ಮನೆಯವರಿಗೆ ಈ ಜಗತ್ತಿನಲ್ಲಿ ಇರುವುದು ಎರಡೇ ಪುಸ್ತಕ. ಒಂದು ಬೈಬಲ್, ಇನ್ನೊಂದು ರೈಲ್ವೆ ವೇಳಾಪಟ್ಟಿ. ಮೊದಲನೆಯದನ್ನು ಭಾನುವಾರ ಓದುತ್ತಾರೆ, ಎರಡನೆಯದನ್ನು ಮಿಕ್ಕ ಆರು ದಿನ. ಯಾವ ರೈಲು ಎಲ್ಲಿ ಎಷ್ಟು ನಿಮಿಷ ನಿಲ್ಲುತ್ತದೆ, ಯಾವುದು ಗುರುವಾರ ಓಡುವುದಿಲ್ಲ, ಯಾವ ಜಂಕ್ಷನ್ನಿನಲ್ಲಿ ಇಂಜಿನ್ ಬಿಚ್ಚಿ ಹಿಂದಕ್ಕೆ ಹಾಕುತ್ತಾರೆ, ಎಲ್ಲ ಬಾಯಿಪಾಠ. ನನ್ನ ಹುಟ್ಟಿದ ದಿನ ಯಾವಾಗ ಎಂದರೆ ಮಾತ್ರ ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತಾರೆ.

ಇಷ್ಟು ತಿಳಿದ ಮನುಷ್ಯ ಮೊನ್ನೆಮೊನ್ನೆಯವರೆಗೆ ರೈಲು ಹತ್ತಿದ್ದು ಎಷ್ಟು ಸಲ ಎಂದು ಕೇಳಬೇಡಿ. ಕೇಳಿದರೆ ಹೇಳಿಬಿಡುತ್ತೇನೆ. ಸೊನ್ನೆ.

ಒಂದು ಸಲ ಹತ್ತುವವರಿದ್ದರು. ಮದುವೆಯಾದ ಹೊಸದರಲ್ಲಿ ನಮ್ಮಿಬ್ಬರ ಒಂದು ವಾರದ ಪ್ರವಾಸಕ್ಕೆ ಟ್ರಂಕು, ಬುತ್ತಿ, ನೀರಿನ ಹೂಜಿ ಸಮೇತ ಸ್ಟೇಷನ್ನಿಗೆ ಹೋದೆವು. ರೈಲು ಹದಿನೈದು ನಿಮಿಷ ತಡ ಎಂದು ಮೈಕಿನಲ್ಲಿ ಕೂಗಿದರು. ಮುಂದಿನ ಜಂಕ್ಷನ್ನಿನಲ್ಲಿ ರೈಲು ಬದಲಿಸಲು ನಮಗಿದ್ದ ಬಿಡುವು ಹನ್ನೊಂದು ನಿಮಿಷ. ಇವರು ಟಿಕೆಟ್ಟಿನ ಬೆನ್ನ ಮೇಲೆ ಪೆನ್ಸಿಲಿನಿಂದ ಲೆಕ್ಕ ಹಾಕಿದರು. "ಹನ್ನೊಂದರಲ್ಲಿ ಹದಿನೈದು ಹೋಗಲ್ಲ ಕಣೇ. ನಡಿ ಮನೆಗೆ," ಅಂದರು. ಪ್ರವಾಸದ ಬುತ್ತಿಯನ್ನು ನಮ್ಮ ಅಡುಗೆಮನೆಯಲ್ಲೇ ಕೂತು ತಿಂದೆವು. ನಾನು ಹೊಸ ಸೀರೆ ಉಟ್ಟುಕೊಂಡೇ ಪಾತ್ರೆ ತೊಳೆದೆ.

ಅಂದಿನಿಂದ ಪ್ರತಿ ವರ್ಷ ನನಗೊಂದು ಪ್ರವಾಸವನ್ನು ಕಾಗದದ ಮೇಲೆ ಬರೆದುಕೊಡುತ್ತಾರೆ. ಊಟ ಎಲ್ಲಿ, ನಿದ್ದೆ ಎಲ್ಲಿ, ಕಿಟಕಿಯಲ್ಲಿ ಏನು ಕಾಣುತ್ತದೆ, ಎಲ್ಲ ಇರುತ್ತದೆ. ಮೊದಲ ಹತ್ತು ವರ್ಷ ನಾನು ಪೆದ್ದಿಯಂತೆ ಪ್ರತಿ ಸಲವೂ ಟ್ರಂಕಿನ ಧೂಳು ಒರೆಸಿ ಇಡುತ್ತಿದ್ದೆ. ಆಮೇಲೆ ಟ್ರಂಕಿನಲ್ಲಿ ಹೊಲಿಗೆಯ ಚೂರು ಬಟ್ಟೆ ತುಂಬಿಸಿದೆ. ಇಪ್ಪತ್ತಾರು ವರ್ಷವಾಯಿತು.

ಇವರ ಕೆಲಸವೂ ಸ್ವಭಾವಕ್ಕೆ ತಕ್ಕದ್ದೇ. ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಾಜು ಕೂರುವುದಿಲ್ಲ. ಬದುಕೂ ಹಾಗೆಯೇ ಎಂದು ನಂಬಿಕೊಂಡುಬಿಟ್ಟಿದ್ದಾರೆ, ಪಾಪ.

ಹೀಗಿರುವಾಗ ಒಂದು ಭಾನುವಾರ ನಮ್ಮ ಚರ್ಚಿನ ಸಭಾಪಾಲಕರು, ನಾವೆಲ್ಲ ಅಯ್ಯನವರು ಎಂದು ಕರೆಯುವವರು, ಪ್ರಸಂಗದಲ್ಲಿ ಹೇಳಿದರು: "ದೇವರು ನಿಮಗೆ ಒಂದೊಂದು ಇಷ್ಟ ಕೊಟ್ಟಿದ್ದಾನೆ. ಅದನ್ನು ಮನೆಯಲ್ಲಿ ಬಚ್ಚಿಟ್ಟುಕೊಳ್ಳಬೇಡಿ. ಕ್ರಿಸ್ತನ ಪ್ರೀತಿ ಪಕ್ಕದ ಮನೆಗೆ ತಲುಪಬೇಕಾದರೆ ನಿಮ್ಮ ಇಷ್ಟವೇ ಅದಕ್ಕೆ ದಾರಿಯಾಗಲಿ." ಹೇಳಿ ಸುಮ್ಮನಾಗಲಿಲ್ಲ. ಎಲ್ಲರ ಕೈಗೂ ಒಂದೊಂದು ಚೀಟಿ ಕೊಡಿಸಿದರು. ಮೊದಲ ಸಾಲಿನಲ್ಲಿ ನಮಗೆ ಇಷ್ಟವಾದದ್ದು, ಎರಡನೆಯ ಸಾಲಿನಲ್ಲಿ ಅದರಿಂದ ಮಾಡುವ ಸೇವೆ.

ಬೇಕರಿಯವರ ಹೆಂಡತಿ ಕೇಕ್ ಎಂದು ಬರೆದರು. ಹುಟ್ಟುಹಬ್ಬ ಮಾಡುವವರಿಲ್ಲದ ಮಕ್ಕಳಿಗೆ. ಕ್ಷೌರದ ಅಂಗಡಿಯವನು ಆಸ್ಪತ್ರೆಯಲ್ಲಿ ಮಲಗಿದವರಿಗೆ ಕ್ಷೌರ ಎಂದು ಬರೆದ. ನಾನು ಹೊಲಿಗೆ ಬರೆದೆ. ನಲ್ಲಿ ರಿಪೇರಿಯವನು 'ಮೀನು ಹಿಡಿಯುವುದು' ಎಂದು ಬರೆದು, ಎರಡನೆಯ ಸಾಲಿನಲ್ಲಿ 'ಹಿಡಿದದ್ದನ್ನು ಹಂಚುವುದು' ಎಂದು ಬರೆದು, ಪಕ್ಕದಲ್ಲಿ ಸಣ್ಣದಾಗಿ 'ಸಿಕ್ಕರೆ' ಎಂದು ಸೇರಿಸಿದ. ನಮ್ಮನೆಯವರು ಮೊದಲ ಸಾಲಿನಲ್ಲಿ 'ರೈಲ್ವೆ ವೇಳಾಪಟ್ಟಿ' ಎಂದು ಮುತ್ತು ಪೋಣಿಸಿದಂತೆ ಬರೆದರು. ಎರಡನೆಯ ಸಾಲಿಗೆ ಬಂದು ಪೆನ್ನು ಕಚ್ಚುತ್ತ ಕೂತರು.

ಸಭೆಯ ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ಟರು. ಕೆಂಪು ಪೆನ್ನಿಲ್ಲದೆ ಚರ್ಚಿಗೆ ಬರುವವರಲ್ಲ. ಇವರ ಚೀಟಿ ನೋಡಿ 'ಅಪೂರ್ಣ' ಎಂದು ಬರೆದು ವಾಪಸು ಕೊಟ್ಟರು.

"ಏನ್ರೀ ಇದು? ವೇಳಾಪಟ್ಟಿಯಿಂದ ಯಾರಿಗೆ ಸೇವೆ ಮಾಡ್ತೀರಿ? ಇಂಜಿನ್ನಿಗಾ?"

ಹಿಂದಿನ ಬೆಂಚಿನವರೆಲ್ಲ ನಕ್ಕರು. ಇವರ ಕಿವಿ ಕೆಂಪಾಯಿತು. ಅಯ್ಯನವರು ಚೀಟಿ ತೆಗೆದುಕೊಂಡು ನೋಡಿ, "ಬಟನ್ ಅಜ್ಜಿ ಹತ್ರ ಬುಧವಾರ ಯಾರೂ ಹೋಗ್ತಿಲ್ಲ. ನೀವು ಹೋಗಿ," ಅಂದರು.

"ಹೋಗಿ ಏನ್ ಮಾಡ್ಲಿ ಅಯ್ಯನವರೇ?"

"ನಿಮ್ಮ ಪುಸ್ತಕ ಓದಿ ಹೇಳಿ."

"ವೇಳಾಪಟ್ಟೀನಾ?"

"ಬೈಬಲ್ ಓದೋಕೆ ಸೋಮವಾರ, ಮಂಗಳವಾರ, ಶುಕ್ರವಾರ ಜನ ಇದ್ದಾರೆ. ಅಜ್ಜಿಗೆ ಸ್ವಲ್ಪ ಬದಲಾವಣೆ ಆಗ್ಲಿ."

ಕಾರ್ಯದರ್ಶಿ ಹಲ್ಲು ಕಚ್ಚಿಕೊಂಡು 'ಬುಧವಾರ, ರೈಲು' ಎಂದು ಪಟ್ಟಿಗೆ ಸೇರಿಸಿದರು.

ಬಟನ್ ಅಜ್ಜಿ ಎಂದರೆ ಚರ್ಚಿನ ಎದುರು ನಲವತ್ತು ವರ್ಷ ಬಟನ್ನಿನ ಅಂಗಡಿ ನಡೆಸಿದವರು. ನಾನು ಹೊಲಿದ ಅರ್ಧ ಅಂಗಿಗಳಿಗೆ ಅವರದೇ ಗುಂಡಿ. ಎರಡು ವರ್ಷದ ಹಿಂದೆ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅಂಗಡಿಯ ಮೇಲಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲೇ ಇದ್ದಾರೆ. ನೋಡಿಕೊಳ್ಳುವುದು ತಮ್ಮನ ಮಗಳು. ಒಬ್ಬರು ತಂಗಿಯೂ ಇದ್ದಾರೆ, ಮೂರು ರೈಲು ಬದಲಿಸಿ ಹೋಗಬೇಕಾದಷ್ಟು ದೂರದಲ್ಲಿ. ಅಕ್ಕ ತಂಗಿ ಮುಖ ನೋಡಿ ಹತ್ತೊಂಬತ್ತು ವರ್ಷ. ಫೋನಿದೆ, ಆದರೆ ಇಬ್ಬರಿಗೂ ಕಿವಿ ಮಂದ. "ಯಾರು?" "ನಾನು ಕಣೇ!" "ಯಾರು?" ಎಂದು ಹತ್ತು ನಿಮಿಷ ಕೂಗಾಡಿ, ಇಬ್ಬರೂ ಅಳುತ್ತ ಇಡುತ್ತಾರೆ.

ಮೊದಲ ಬುಧವಾರ ಹೋಗಿಬಂದ ಇವರ ಮುಖ ಅರಳಿತ್ತು. ಎರಡನೆಯ ಬುಧವಾರ ನಾನೂ ನೋಡೋಣವೆಂದು ಹಿಂದೆಯೇ ಹೋದೆ. ಇವರು ಅಜ್ಜಿಯ ಕಿವಿಯ ಹತ್ತಿರ ಸ್ಟೂಲು ಹಾಕಿಕೊಂಡು ಜೋರಾಗಿ ಓದುತ್ತಿದ್ದರು.

"ಏಳು ಐದಕ್ಕೆ ಸೇತುವೆ ಅಜ್ಜಿ. ದಾಟಿದ ಮೇಲೆ ಹೊಳೆ ಎಡಗಡೆ ಕಾಣುತ್ತೆ."

"ನೀನು ನೋಡಿದೀಯೇನಪ್ಪಾ?"

"ಇಲ್ಲ ಅಜ್ಜಿ. ನಕ್ಷೇಲಿ ಎಡಗಡೆ ಇದೆ."

"ಇರ್ಲಿ, ಓದು. ನನ್ನ ತಂಗಿ ಊರಿಗೆ ಹೋಗೋದು ಹೇಗೆ, ಅದನ್ನ ಓದು."

ಇವರು ಓದಿದರು. ಅಜ್ಜಿ ಕಣ್ಣು ಮುಚ್ಚಿಕೊಂಡು ಕೇಳಿದರು. ಸಣ್ಣ ಸಣ್ಣ ಸ್ಟೇಷನ್ನಿನ ಹೆಸರು ಬಂದಾಗಲೂ ಹೂಂ ಎನ್ನುತ್ತಿದ್ದರು. ಓದಿ ಮುಗಿಸಿದ ಮೇಲೆ, "ಬರೆದು ಕೊಡು," ಅಂದರು.

ಅಲ್ಲಿಂದಲೇ ಶುರುವಾಯಿತು ನೋಡಿ. ಬರೆದು ಕೊಡು ಎಂದರೆ ಬೇರೆಯವರು ನಾಲ್ಕು ಸಾಲು ಗೀಚಿ ಕೊಡುತ್ತಾರೆ. ಇವರು ಮನೆಗೆ ಬಂದು ದೊಡ್ಡ ಹಾಳೆಗೆ ಗೆರೆ ಎಳೆದರು. ಮೂರನೆಯ ರೈಲು ಸೋಮವಾರ ಮತ್ತು ಶುಕ್ರವಾರ ಮಾತ್ರ ಓಡುವುದರಿಂದ ದಿನಾಂಕ ಹಾಕಲೇಬೇಕಾಯಿತು. ಮೂರು ವಾರದಾಚೆಯ ಸೋಮವಾರ ಹಾಕಿದರು. ಹೊರಡುವುದು ಬೆಳಿಗ್ಗೆ ಆರು ಇಪ್ಪತ್ತು. ಇನ್ನು, ಕಾಗದದಲ್ಲೇ ಆದರೂ ಎಪ್ಪತ್ತೊಂಬತ್ತರ ಮುದುಕಿಯನ್ನು ಒಂಟಿಯಾಗಿ ಕಳಿಸುವುದು ಸರಿಯಲ್ಲವೆಂದು ಕೆಳಗೆ 'ಜೊತೆಯಲ್ಲಿ' ಎಂದು ಬರೆದು ತಮ್ಮ ಹೆಸರು ಹಾಕಿದರು.

ಆ ಹಾಳೆಯನ್ನು ಅಜ್ಜಿ ದಿಂಬಿನ ಪಕ್ಕ ಇಟ್ಟುಕೊಂಡರು. ತಮ್ಮನ ಮಗಳು ನೋಡಿದಳು. ಅವಳು ಬೇಕರಿಯವರ ಹೆಂಡತಿಗೆ ಹೇಳಿದಳು. ಬೇಕರಿಯವರ ಹೆಂಡತಿಗೆ ಹೇಳಿದ ಮೇಲೆ ಇನ್ಯಾರಿಗೂ ಹೇಳುವ ಅಗತ್ಯವಿರಲಿಲ್ಲ.

ಶುಕ್ರವಾರ ಕನ್ನಡಕದ ಅಂಗಡಿಯ ಮಾಲೀಕರು ಒಳಕೋಣೆಗೇ ಬಂದು ಇವರ ಬೆನ್ನು ತಟ್ಟಿದರು. "ಏನ್ರೀ, ಇಂಥ ಪುಣ್ಯದ ಕೆಲಸ ಮಾಡ್ತಿದೀರಿ, ನನಗೊಂದು ಮಾತು ಹೇಳ್ಬಾರ್ದಾ? ನಾಲ್ಕು ದಿನ ರಜಾ ಕೊಟ್ಟಿದೀನಿ."

"ಅಯ್ಯೋ, ಅದು ಬರೀ ಕಾಗದ ಸಾರ್..."

"ಕಾಗದ ಗೀಗದ ಏನೂ ಬೇಡ. ಬಾಯಲ್ಲಿ ಹೇಳಿದ್ರೇ ಸಾಕು."

ಶನಿವಾರ ಕಾರ್ಯದರ್ಶಿ 'ಪ್ರಯಾಣ ಉಪಸಮಿತಿ' ರಚಿಸಿದರು. ಚೀಟಿಗೆ 'ಅಪೂರ್ಣ' ಎಂದು ಬರೆದ ಅದೇ ಮನುಷ್ಯ ಈಗ ಬೀದಿಯಲ್ಲಿ ಸಿಕ್ಕವರಿಗೆಲ್ಲ, "ನಾನು ಆವತ್ತೇ ಗುರುತಿಸಿದ್ದೆ," ಎನ್ನುತ್ತಿದ್ದರು. ಸಭೆಯಿಂದ ಟಿಕೆಟ್ ಕೊಂಡರು. ಅಜ್ಜಿಗೊಂದು, ಇವರಿಗೊಂದು, ಅಜ್ಜಿಯ ಜೊತೆ ಹೆಂಗಸೊಬ್ಬಳು ಬೇಕೆಂದು ನನಗೊಂದು.

ಮನೆಗೆ ಬಂದು ಇವರು ತಲೆ ಮೇಲೆ ಕೈ ಹೊತ್ತು ಕೂತರು. "ನೀನಾದ್ರೂ ಹೇಳೇ ಅವರಿಗೆ. ನಾನು ಎಲ್ಲಿಗೂ ಹೋಗೋನಲ್ಲ ಅಂತ."

ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ನಾಚಿಕೆ ಬಿಟ್ಟು ಹೇಳುತ್ತೇನೆ. ಇಪ್ಪತ್ತಾರು ವರ್ಷದಲ್ಲಿ ನನ್ನ ಹೆಸರಿಗೆ ಬಂದ ಎರಡನೆಯ ಟಿಕೆಟ್ ಅದು. ಅದನ್ನು ಹೊಲಿಗೆಯಂತ್ರದ ಡ್ರಾಯರಿನಲ್ಲಿ ಇಟ್ಟುಕೊಂಡು ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆ. ನನಗೂ ಆಸೆ ಇತ್ತು ಕಣ್ರೀ. ಎಲ್ಲಿಗಾದರೂ ಸರಿ, ಒಮ್ಮೆ ಕಿಟಕಿಯ ಪಕ್ಕ ಕೂತು ಈ ಊರು ಹಿಂದಕ್ಕೆ ಹೋಗುವುದನ್ನು ನೋಡಬೇಕಿತ್ತು.

ಮುಂದಿನ ಎರಡು ವಾರ ನಮ್ಮ ಮನೆ ಪಾರ್ಸಲ್ ಆಫೀಸಾಯಿತು. ದಾರಿಯಲ್ಲಿ ಬರುವ ಊರುಗಳಲ್ಲಿ ಎಲ್ಲರಿಗೂ ಒಬ್ಬೊಬ್ಬ ನೆಂಟ ಹುಟ್ಟಿಕೊಂಡಿದ್ದ. ಬೇಕರಿಯಿಂದ ಎರಡು ಕೇಕ್, ಕ್ಷೌರದವನಿಂದ ಸೋದರಮಾವನಿಗೆ ಕನ್ನಡಿ, ನಲ್ಲಿ ರಿಪೇರಿಯವನಿಂದ ಭಾವಮೈದುನನಿಗೆ ಹಿತ್ತಾಳೆಯ ನಲ್ಲಿ. "ಅವನೂ ನಿನ್ನ ಹಾಗೆ ನಲ್ಲಿ ರಿಪೇರಿಯವನೇ ಅಲ್ವೇನಪ್ಪಾ?" ಎಂದರೆ, "ಅದಕ್ಕೇ ಅಕ್ಕಾ, ಅವನ ಮನೆ ನಲ್ಲಿ ಹತ್ತು ವರ್ಷದಿಂದ ಸೋರ್ತಿದೆ," ಅಂದ. ಸ್ಟೇಷನ್ ಮಾಸ್ಟರೇ ಗಾಲಿಕುರ್ಚಿಯ ಏರ್ಪಾಟು ಮಾತಾಡಲು ಮನೆಗೆ ಬಂದರು. ಎರಡನೆಯ ರೈಲು ನಾಲ್ಕನೆಯ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದರು. "ಐದನೇದು ಸಾರ್," ಅಂದರು ಇವರು. ಸ್ಟೇಷನ್ ಮಾಸ್ಟರು ಫೋನು ಮಾಡಿ ಕೇಳಿ, ಟೋಪಿ ತೆಗೆದು ಕೈ ಮುಗಿದು ಹೋದರು. ಹೀಗೆ ಸುಳ್ಳಿನ ಗುಂಡಿಯನ್ನು ಇವರೇ ಆಳ ಮಾಡುತ್ತಿದ್ದರು.

ಹೊರಡುವ ಹಿಂದಿನ ಭಾನುವಾರ, ಇನ್ನು ತಡೆಯಲಾರೆನೆಂದು ಆರಾಧನೆಯ ಕೊನೆಯಲ್ಲಿ ಎದ್ದು ನಿಂತರು. "ಸಭೆಯವರಲ್ಲಿ ನನ್ನದೊಂದು ತಪ್ಪೊಪ್ಪಿಗೆ. ನಾನು ಈ ಪ್ರಯಾಣಕ್ಕೆ ಯೋಗ್ಯನಲ್ಲ..."

"ಎಂಥ ವಿನಯ!" ಎಂದರು ಕಾರ್ಯದರ್ಶಿ. ಸಭೆಯೆಲ್ಲ "ಆಮೆನ್" ಎಂದಿತು. ಇವರು ಕೂತರು.

ಆಮೇಲೆ ಎಲ್ಲರೂ ಅಜ್ಜಿಯ ಕೋಣೆಗೆ ಹೋದೆವು, ಮೂಳೆ ಡಾಕ್ಟರು ಬಂದು ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂದು ಬರೆದುಕೊಡುವುದೊಂದು ಬಾಕಿ ಇತ್ತು. ಡಾಕ್ಟರು ಹೊದಿಕೆಯ ಮೇಲಿಂದಲೇ ಸೊಂಟ ಮುಟ್ಟಿ ನೋಡಿದರು, ಹಳೆಯ ಎಕ್ಸ್‌ರೇ ಬೆಳಕಿಗೆ ಹಿಡಿದರು. "ಆಗಲ್ಲ," ಅಂದರು. "ಒಂದು ಕುಲುಕು ಸಾಕು, ಮತ್ತೆ ಮುರಿಯುತ್ತೆ. ಈ ಮಂಚ ಬಿಟ್ಟು ಎಲ್ಲಿಗೂ ಕಳಿಸಬೇಡಿ." ಬ್ಯಾಗು ಮುಚ್ಚುತ್ತ ಇವರ ಕಡೆ ತಿರುಗಿ, "ಅಂದ ಹಾಗೆ ನೀವು ಹೋಗೋ ದಾರೀಲೇ ನಮ್ಮತ್ತೆ ಮನೆ. ಒಂದು ಸಣ್ಣ ಪಾರ್ಸಲ್ ಇತ್ತು," ಅಂದರು.

ಯಾರೂ ನಗಲಿಲ್ಲ. ಇವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಬದುಕಿದೆಯಾ ಬಡಜೀವವೇ ಎಂಬಂಥ ಉಸಿರು. ಆಗ ಅಜ್ಜಿ ತಮ್ಮನ ಮಗಳಿಗೆ, "ಹೊದಿಕೆ ತೆಗಿಯೇ," ಅಂದರು. ಅವಳು ತೆಗೆದಳು. ಎರಡು ವರ್ಷದಿಂದ ನೆಲಕ್ಕೆ ತಾಗದ ಆ ಕಾಲುಗಳಲ್ಲಿ ಹೊಸ ಬೂಟಿತ್ತು. ಲೇಸು ಕಟ್ಟಿತ್ತು.

"ಬೆಳಿಗ್ಗೆ ತಡ ಆಗ್ಬಾರ್ದು ಅಂತ ಈಗ್ಲೇ ಹಾಕಿಸ್ಕೊಂಡಿದ್ದೆ," ಅಂದರು ಅಜ್ಜಿ. "ಬಿಚ್ಚು."

ಲೇಸು ಬಿಚ್ಚುತ್ತ ಆ ಹುಡುಗಿ ಅತ್ತಳು. ಒಬ್ಬೊಬ್ಬರೇ ಮೆಟ್ಟಿಲಿಳಿದು ಹೋದರು. ನಾವಿಬ್ಬರೇ ಉಳಿದೆವು. ಇವರು ಮಂಚದ ಪಕ್ಕ ಕೂತು ಅಜ್ಜಿಯ ಕಿವಿಗೆ ಬಾಯಿಟ್ಟು ಹೇಳಿದರು:

"ಅಜ್ಜಿ, ನಾನು ಸುಮ್ನೆ ಬರೆದಿದ್ದು. ಆಟಕ್ಕೆ. ನಿಮಗೂ ಗೊತ್ತು ಅಂದ್ಕೊಂಡಿದ್ದೆ."

"ಮೊದಲನೇ ದಿನ ಗೊತ್ತಿತ್ತು ಕಣಪ್ಪಾ. ದಿನಾ ಓದ್ತಾ ಓದ್ತಾ ಮರೆತುಬಿಟ್ಟೆ."

ಇವರು ತಲೆ ತಗ್ಗಿಸಿದರು. ನನಗೆ ಟ್ರಂಕಿನ ಧೂಳು ಒರೆಸುತ್ತಿದ್ದ ಆ ಹತ್ತು ವರ್ಷ ನೆನಪಾಯಿತು. ಬರೆದವರಿಗೆ ಆಟ, ಕಾಯುವವರಿಗೆ ಅಲ್ಲ.

"ನಾನಂತೂ ಹೋಗೋ ಹಾಗಿಲ್ಲ," ಅಂದರು ಅಜ್ಜಿ. "ನೀನು ಹೋಗು. ಅವಳ ಮುಖ ನೋಡ್ಕೊಂಡ್ ಬಂದು ಹೇಗಿದಾಳೆ ಅಂತ ನನಗೆ ಹೇಳು. ಸ್ಟೇಷನ್ ಸ್ಟೇಷನ್ನೂ ಎಷ್ಟು ಚೆನ್ನಾಗಿ ಹೇಳ್ತೀಯ. ಅವಳನ್ನೂ ಹಾಗೇ ಹೇಳು."

"ಜಂಕ್ಷನ್ನಲ್ಲಿ ಬರೀ ಒಂಬತ್ತು ನಿಮಿಷ ಇರೋದು ಅಜ್ಜಿ," ಎಂದರು ಇವರು ಸಣ್ಣ ಧ್ವನಿಯಲ್ಲಿ. ಅಜ್ಜಿಗೆ ಕೇಳಿಸಲಿಲ್ಲ. ಕೇಳಿಸದಿದ್ದದ್ದೇ ಒಳ್ಳೆಯದಾಯಿತು.

ಸೋಮವಾರ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಅರ್ಧ ಸಭೆ ನೆರೆದಿತ್ತು. ಕಾರ್ಯದರ್ಶಿ ಎರಡು ಪುಟದ ಬೀಳ್ಕೊಡುಗೆ ಭಾಷಣ ಬರೆದುಕೊಂಡು ಬಂದಿದ್ದರು. ಅವರು ಗಂಟಲು ಸರಿಮಾಡಿಕೊಳ್ಳುವಾಗಲೇ ಮೈಕು ಕೂಗಿತು. ಆರು ಇಪ್ಪತ್ತರ ರೈಲು ಇಪ್ಪತ್ತು ನಿಮಿಷ ತಡ.

ಇವರ ಕೈ ಜೇಬಿನ ಪೆನ್ಸಿಲಿಗೆ ಹೋಯಿತು. ಒಂಬತ್ತರಲ್ಲಿ ಇಪ್ಪತ್ತು. ಮುಖದ ಬಣ್ಣ ಇಳಿಯಿತು. ನನ್ನ ಕಡೆ ತಿರುಗಿ ಬಾಯಿ ತೆರೆದರು. ಏನು ಬರುತ್ತದೆಂದು ನನಗೆ ಗೊತ್ತಿತ್ತು.

"ಸುಮ್ನಿರಿ," ಅಂದೆ. "ಆವತ್ತು ಹೊಸ ಸೀರೆ ಉಟ್ಕೊಂಡು ನಿಮ್ಮ ಹಿಂದೆ ಮನೆಗೆ ಬಂದೆ. ಇವತ್ತು ಬರಲ್ಲ. ನಾನು ಹತ್ತೋದೇ. ನೀವು ಬಂದ್ರೆ ಬನ್ನಿ, ಇಲ್ದಿದ್ರೆ ಅಜ್ಜಿ ಹತ್ರ ಹೋಗಿ ಲೆಕ್ಕ ಒಪ್ಪಿಸಿ."

ರೈಲು ಬಂತು, ಹತ್ತಿದೆ, ಕಿಟಕಿಯ ಪಕ್ಕ ಕೂತೆ. ಇವರು ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದರು. ಸೀಟಿ ಊದಿದ ಮೇಲೆ, ಗಾಡಿ ಅಲುಗಿದ ಮೇಲೆ, ಹಿತ್ತಾಳೆಯ ನಲ್ಲಿ ಎದೆಗವಚಿಕೊಂಡು ಓಡಿಬಂದು ಹತ್ತಿದರು. ಹಿಂದಿನಿಂದ ಕಾರ್ಯದರ್ಶಿ ಭಾಷಣ ಓದುತ್ತಲೇ ಓಡಿಬರುತ್ತಿದ್ದರು.

ಸೇತುವೆ ದಾಟಿದ ಮೇಲೆ ಇವರು ಎದೆ ಹಿಡಿದುಕೊಂಡರು. "ಹೊಳೆ ಬಲಗಡೆ ಇದೆಯಲ್ಲೇ! ಅಜ್ಜಿಗೆ ಎಡಗಡೆ ಅಂತ ಹೇಳಿದ್ದೆ!"

"ನೀವು ಹಿಂದಕ್ಕೆ ಮುಖ ಮಾಡಿ ಕೂತಿದೀರಿ," ಅಂದೆ.

ಜಂಕ್ಷನ್ನಿನಲ್ಲಿ ಎರಡನೆಯ ರೈಲು ತಪ್ಪಿತು. ನಾವು ನೋಡುತ್ತಿರುವಾಗಲೇ ಅದರ ಕೊನೆಯ ಡಬ್ಬಿ ಹೊರಟುಹೋಯಿತು. ಇವರು ಖಾಲಿ ಹಳಿ ನೋಡುತ್ತ ಟ್ರಂಕಿನ ಮೇಲೆ ಕುಸಿದರು. ನಾನು ಬ್ರೆಡ್ಡು ಮೊಟ್ಟೆ ಬಿಚ್ಚಿದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಗು ಹೊತ್ತ ಹೆಂಗಸೊಬ್ಬಳು, "ವಿಚಾರಣೆ ಕಿಟಕಿ ಮುಚ್ಚಿದೆ, ನಮ್ಮೂರ ರೈಲು ಎಷ್ಟೊತ್ತಿಗೋ," ಎಂದು ಊರಿನ ಹೆಸರು ಹೇಳಿಕೊಂಡು ತನ್ನಷ್ಟಕ್ಕೆ ಗೊಣಗಿದಳು. ಇವರು ತಲೆ ಎತ್ತದೆ, "ಎರಡು ಹತ್ತು, ಮೂರನೇ ಪ್ಲಾಟ್‌ಫಾರ್ಮು, ಹಿಂದಿನ ಡಬ್ಬಿ ಹತ್ತಿ, ನಿಮ್ಮೂರಲ್ಲಿ ಮುಂದಿನ ಡಬ್ಬಿಗೆ ಪ್ಲಾಟ್‌ಫಾರ್ಮ್ ಸಿಗಲ್ಲ, ಮಗು ಬೇರೆ ಇದೆ," ಅಂದರು. ಅರ್ಧ ಗಂಟೆಯಲ್ಲಿ ಇವರ ಮುಂದೆ ಸಾಲು ನಿಂತಿತ್ತು. ಟ್ರಂಕಿನ ಮೇಲೆ ಕೂತು ಒಬ್ಬೊಬ್ಬರನ್ನೂ ಅವರವರ ಮನೆಗೆ ಕಳಿಸುತ್ತಿದ್ದರು. ಇವರ ಮುಖ ನೋಡಿ, ಅಯ್ಯನವರು ಚೀಟಿಯ ಎರಡನೆಯ ಸಾಲು ಎಂದದ್ದು ಇದನ್ನೇ ಇರಬೇಕು ಅನ್ನಿಸಿತು ನನಗೆ. ನಮ್ಮ ದಾರಿಯ ಮುಂದಿನ ರೈಲಿಗೆ ಇವರನ್ನು ಎಳೆದುಕೊಂಡು ಹೋಗಬೇಕಾಯಿತು.

ಮೂರನೆಯ ರೈಲೂ ತಪ್ಪಿದ್ದರಿಂದ ಕೊನೆಯ ಹಾದಿಗೆ ಬಸ್ಸು. ತಂಗಿಯ ಮನೆ ಮುಟ್ಟಿದಾಗ ಸಂಜೆ. ಬಾಗಿಲು ತೆರೆದವರಿಗೆ ಬಟನ್ ಅಜ್ಜಿಯದೇ ಮೂಗು.

"ನಿಮ್ಮಕ್ಕ ಕಳಿಸಿದ್ದಾರೆ!" ಎಂದು ಇವರು ಕೂಗಿದರು. "ನಿಮ್ಮ ಮುಖ ನೋಡ್ಕೊಂಡ್ ಬರೋಕೆ!"

"ಏನಕ್ಕೆ?"

"ಮುಖ! ನೋಡ್ಕೊಂಡ್ ಹೋಗಿ ಅವರಿಗೆ ಹೇಳೋಕೆ!"

ತಂಗಿ ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಹೇಳೋದೇನು ಬಂತು? ಮುಖಾನೇ ಕರ್ಕೊಂಡ್ ಹೋಗಿ," ಅಂದರು.

"ಮತ್ತೆ ಇಷ್ಟು ವರ್ಷ ಯಾಕಮ್ಮಾ ಬರ್ಲಿಲ್ಲ?" ಎಂದು ನಾನೂ ಕೂಗಿದೆ.

"ಒಬ್ಬಳೇ ಮೂರು ರೈಲು ಹತ್ತೋದು ಹೇಗೆ? ಅವಳೂ ಕರೀಲಿಲ್ಲ. ಕರೆದಿದ್ಲೋ ಏನೋ. ಫೋನಲ್ಲಿ ನನಗೇನು ಕೇಳಿಸುತ್ತೆ?"

ಎರಡು ದಿನ ಬಿಟ್ಟು ಅವರನ್ನು ಕರೆದುಕೊಂಡು ಬಂದೆವು. ಸುದ್ದಿ ನಮಗಿಂತ ಮುಂಚೆ ಬಂದಿತ್ತು. ಅಂಗಡಿಯ ಮೆಟ್ಟಿಲ ಕೆಳಗೆ ಸಭೆಯವರೆಲ್ಲ ನಿಂತಿದ್ದರು. ಉಪಸಮಿತಿಯಂತೂ ಪೂರ್ತಿ ಹಾಜರು. ತಂಗಿ ಅಜ್ಜಿ ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಹತ್ತಿದರು. ಬಾಗಿಲಲ್ಲಿ ನಿಂತು ಮಂಚದ ಕಡೆ ನೋಡಿದರು.

"ಎಷ್ಟು ಮುದುಕಿ ಆಗ್ಬಿಟ್ಟಿದೀಯೇ!" ಅಂದರು.

"ಏನು?" ಅಂದರು ಬಟನ್ ಅಜ್ಜಿ.

"ಮುದುಕಿ ಆಗಿದೀಯ ಅಂದೆ!"

"ಕೇಳಿಸಲ್ಲ, ಹತ್ರ ಬಾ."

"ಇಷ್ಟು ದೂರ ನಾನೇ ಬಂದಿದೀನಿ. ಒಂದು ಗೇಣು ನೀನೇ ಜರುಗು."

ಮೂಳೆ ಡಾಕ್ಟರು ಬೇಡ ಬೇಡ ಎನ್ನುವಷ್ಟರಲ್ಲಿ ಬಟನ್ ಅಜ್ಜಿ ಹಲ್ಲು ಕಚ್ಚಿ ಒಂದು ಗೇಣು ಜರುಗಿದರು. ತಂಗಿ ಪಕ್ಕದಲ್ಲಿ ಕೂತರು. ಒಬ್ಬರ ಮುಖ ಒಬ್ಬರು ಮುಟ್ಟಿ ನೋಡಿದರು, ಅಷ್ಟೆ. ನಲ್ಲಿ ರಿಪೇರಿಯವನು ಕಣ್ಣೊರೆಸಿಕೊಳ್ಳುತ್ತ, "ನಲ್ಲಿ ಕೊಟ್ರಾ ಅಣ್ಣಾ?" ಎಂದು ಕೇಳಿದ. ಕೊಟ್ಟಿರಲಿಲ್ಲ. ಇನ್ನೂ ಇವರ ಕೈಯಲ್ಲೇ ಇತ್ತು.

ನಾಲ್ಕು ದಿನ ಕಳೆಯಿತು. ಐದನೆಯ ದಿನ ಅಯ್ಯನವರ ಜೊತೆ ನಾವಿಬ್ಬರೂ ಅಜ್ಜಿಯರನ್ನು ನೋಡಲು ಹೋದೆವು. ಬೆಳಿಗ್ಗೆ ತಂಗಿ ಅಜ್ಜಿಯ ಮಗಳು ಊರಿಂದ ಫೋನು ಮಾಡಿದ್ದಳಂತೆ, ಅಮ್ಮ ಯಾವಾಗ ಬರುತ್ತಾಳೆ ಎಂದು.

"ವಾಪಸ್ ಹೋಗೋಕೆ ಮುಂದಿನ ರೈಲು ಯಾವತ್ತಿದೆಯಪ್ಪಾ?" ಎಂದು ತಂಗಿ ಅಜ್ಜಿ ಇವರನ್ನು ಕೇಳಿದರು.

ಬಟನ್ ಅಜ್ಜಿಗೆ ಈ ಒಂದು ಮಾತು ಹೇಗೋ ಕೇಳಿಸಿಬಿಟ್ಟಿತು. ತಂಗಿಯ ಮಣಿಕಟ್ಟು ಹಿಡಿದಿದ್ದ ಅವರ ಬೆರಳುಗಳು ಬಿಗಿಯಾದವು. ಇವರು ಆ ಬೆರಳುಗಳನ್ನು ನೋಡಿದರು. ಅಯ್ಯನವರನ್ನು ನೋಡಿದರು. ನನ್ನನ್ನು ನೋಡಿದರು.

"ಗೊತ್ತಿಲ್ಲಮ್ಮಾ," ಅಂದರು.

"ಏನು?"

"ಗೊತ್ತಿಲ್ಲ!" ಎಂದು ನಮ್ಮನೆಯವರು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. "ನನಗೆ ರೈಲಿನ ವಿಷಯ ಏನೂ ಗೊತ್ತಾಗಲ್ಲಮ್ಮಾ!"

ಅಯ್ಯನವರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ನಾನು ಮಾತ್ರ ಗಟ್ಟಿಯಾಗಿ, "ಆಮೆನ್," ಅಂದೆ.